ಎರಡು ಕೀಲಿಯ ಪೆಟ್ಟಿಗೆ

"ಸರ್ವರ್ ಅಂದ್ರ ಏನೋ ದೊಡ್ಡದು ಅನ್ಕೋಬ್ಯಾಡ್ರಿ. ಪಂಕ್ತಿ ಊಟದಾಗ ಬಡಸೋ ಮನಷ್ಯಾ ಇರ್ತಾನಲ್ರಿ, ಅಷ್ಟ. ಅಡಿಗಿ ಒಂದ ಕಡಿ ಇರ್ತೈತಿ, ಎಲಿ ಹಾಕ್ಕಂಡು ಕುಂತೋರು ಕೇಳ್ತಾರ, ಇವ ಒಯ್ದು ನೀಡ್ತಾನ. ಇಲ್ಲಿ ಅಡಿಗಿ ಅಂದ್ರ ಹಾಡು. ಎಲಿ ಅಂದ್ರ ನಿಮ್ಮ ಕೈಯಾಗಿನ ಫೋನು. ಬಡಸೋನು ಈ ಹಳೇ ಕಂಪ್ಯೂಟರು. ಬಸ್‌ಸ್ಟ್ಯಾಂಡ್ ಹಿಂದ ನೆಟ್ ಅಂಗಡಿ ಮುಚ್ಚಿದ್ರು ನೋಡ್ರಿ, ಅಲ್ಲಿಂದ ತಂದದ್ದು. ಬಿಚ್ಚಿ ಧೂಳು ಊದಿ, ಫ್ಯಾನಿಗೆ ಎಣ್ಣಿ ಬಿಟ್ಟು, ದೊಡ್ಡದೊಂದು ಹಾರ್ಡ್ ಡಿಸ್ಕ್ ಕೂಡಿಸಿದೆ. ಕ್ಯಾಸೆಟ್ ಒಂದೊಂದ ಹಚ್ಚಿ ಒಳಗ ಇಳಿಸಿದೆ. ತಾಸಿನ ಕ್ಯಾಸೆಟ್ ಇಳೀಲಿಕ್ಕೆ ತಾಸ ಬೇಕು, ಅಲ್ಲಿ ಅವಸರ ನಡಿಯಂಗಿಲ್ಲ. ಆಮ್ಯಾಲ ಸರ್ವರ್ ಪ್ರೋಗ್ರಾಮ್ ಹಾಕಿದೆ. ಮೂರು ಸಲ ಹಾಕಿದೆ, ಮೂರು ಸಲ ಕೆಡ್ತು. ಕೋಲಾಟದ ವಿಡಿಯೋ ಹಚ್ಚಿದ್ರ ಚಿತ್ರ ಬರೋದು, ಧ್ವನಿ ಬರವಲ್ದು. ಧ್ವನಿ ಬಂದ್ರ ಕುಣಿಯೋರು ಕಾಲು ಎತ್ತಿದೋರು ಎತ್ತಿದಂಗ ನಿಂತಬಿಡೋರು. ಇಂಗ್ಲಿಷ್ ನನಗೆಲ್ಲಿ ಬರ್ತೈತ್ರಿ? ಏಳನೇ ಕ್ಲಾಸು ಫೇಲು. ವೈರಿನ ಬಣ್ಣ ನೋಡಿ ದುಡದೋನು ನಾನು. ಮತ್ತ ಇನ್ನೊಂದು ಕಾಟ ಏನಂದ್ರ, ದಿನಾ ಬೆಳಿಗ್ಗಿ ಈ ಪೆಟ್ಟಿಗಿ ನಂಬರ್ ಬದಲಾಗೋದು, ಹೇಳದ ಕೇಳದ ಮನಿ ಬದಲ ಮಾಡೋ ಬಾಡಿಗಿದಾರನಂಗ. ಫೋನ್ ಹಿಡಕಂಡೋರು ಹುಡುಕಿ ಹುಡುಕಿ ನನ್ನ ಬೈಯೋರು. ಕೊನಿಗೆ ರೂಟರ್ ಒಳಗ ಹೊಕ್ಕು ಆ ನಂಬರಿಗೆ ಮೊಳಿ ಹೊಡದೆ. ಈಗ ಅಲ್ಲಾಡಂಗಿಲ್ಲ. ಈ ಓಣ್ಯಾಗ ಯಾರಾದ್ರೂ ವೈಫೈ ಹಿಡಕಂಡು ಆ ನಂಬರ್ ಒತ್ತಿದ್ರ ಹಾಡು ಬರ್ತೈತಿ. ಓಣಿ ದಾಟಿದ್ರ ಇಲ್ಲ. ದಾಟಬಾರದು. ಅದ ನನ್ನ ಮಾತು."

ಪೆಟ್ಟಿಗೆ ನೋಡಲು ಬಂದವರಿಗೆಲ್ಲ ಶೇಖಾವಲಿ ಹೋದ ವರ್ಷ ಇದನ್ನೇ ಹೇಳುತ್ತಿದ್ದ. ಕೇಳುವವರಿಗೆ ಬೇಸರವಾದರೂ ಅವನಿಗೆ ಆಗುತ್ತಿರಲಿಲ್ಲ. ಈಗ ಯಾರಾದರೂ ಕೇಳಿದರೆ, "ಮಿಕ್ಸರ್ ರಿಪೇರಿ ಇದ್ರ ಕೊಡ್ರಿ" ಅನ್ನುತ್ತಾನೆ, ಅಷ್ಟೇ.

ಹೂವಿನಹಡಗಲಿಯ ಹೂವಿನ ಓಣಿಯಲ್ಲಿ ಅವನ ಅಂಗಡಿ. ರೇಡಿಯೋ ರಿಪೇರಿ ಎಂದು ಶುರುವಾದದ್ದು, ಆಮೇಲೆ ಟೇಪ್ ರೆಕಾರ್ಡರ್, ಆಮೇಲೆ ಟಿವಿ. ಈಗ ಮಿಕ್ಸರ್, ಫ್ಯಾನು, ಏನು ಬಂದರೂ ಸರಿ. ಹುಟ್ಟಿದ್ದು ಹೊಳೆ ದಂಡೆಯ ಮಾಗಳದಲ್ಲಿ. ಅಪ್ಪ ಗಾದಿ ಹೊಲಿಯುತ್ತಿದ್ದ. ಮಗನಿಗೆ ಹತ್ತಿಗಿಂತ ತಂತಿಯ ಮೇಲೆ ಜೀವ. ಹೊಸಪೇಟೆಯಲ್ಲಿ ಒಬ್ಬ ಮೆಕ್ಯಾನಿಕ್ಕನ ಕೈಕೆಳಗೆ ನಾಲ್ಕು ವರ್ಷ ಇದ್ದು ಕಲಿತು ಬಂದ. ಬಂದವನು ಗೆಳೆಯ ಸಿದ್ದಲಿಂಗನ ಜೊತೆ ಸೇರಿ ಒಂದು ಮೈಕ್‌ಸೆಟ್ ಮಾಡಿದ. ಜೋಡಿ ಮೈಕ್‌ಸೆಟ್ ಎಂದೇ ಅದಕ್ಕೆ ಹೆಸರು. ನೀಲಗುಂದದಿಂದ ಕೊಟ್ಟೂರಿನವರೆಗೆ ಮದುವೆ, ತೊಟ್ಟಿಲು, ಭಜನೆ, ನಾಟಕ, ಎಲ್ಲಿ ಧ್ವನಿ ಬೇಕೋ ಅಲ್ಲಿ ಇಬ್ಬರೂ ಒಂದೇ ಸೈಕಲ್ಲಿನಲ್ಲಿ, ಹಿಂದೆ ಬಾಳೆಕಾಯಿ ಗೊನೆ ಕಟ್ಟಿದ ಹಾಗೆ ಹಾರ್ನ್ ಕಟ್ಟಿಕೊಂಡು ಹೋಗುತ್ತಿದ್ದರು.

ಆ ಮೈಕ್‌ಸೆಟ್ಟಿನ ಆಂಪ್ಲಿಫಯರ್ ಇಡುವ ಕಟ್ಟಿಗೆ ಪೆಟ್ಟಿಗೆಗೆ ಎರಡು ಕೀಲಿ. ಒಂದರ ಕೀಲಿಕೈ ಶೇಖಾವಲಿಯ ಉಡದಾರದಲ್ಲಿ, ಇನ್ನೊಂದರದು ಸಿದ್ದಲಿಂಗನ ಉಡದಾರದಲ್ಲಿ. ಇಬ್ಬರೂ ಬಂದರೆ ಪೆಟ್ಟಿಗೆ ತೆರೆಯಬೇಕು, ಒಬ್ಬನೇ ಬಂದರೆ ಇಲ್ಲ. "ನಂಬಿಕಿ ಇಲ್ಲೇನ್ರೋ ನಿಮಗ?" ಎಂದು ಮಂದಿ ನಗುತ್ತಿದ್ದರು. "ನಂಬಿಕಿ ಇರೋದಕ್ಕ ಎರಡು ಕೀಲಿ. ಒಬ್ಬನ ಕೈಗೆ ಕೊಟ್ಟು ನಾಳಿ ಅನುಮಾನ ಯಾಕ ಪಡಬೇಕು?" ಎಂದು ಸಿದ್ದಲಿಂಗನೇ ಉತ್ತರ ಕೊಡುತ್ತಿದ್ದ. ಮಾತು ಬಲ್ಲವನು ಯಾವಾಗಲೂ ಅವನೇ.

ಹಾಡು ಕೂಡಿಸುವ ಚಟ ಮಾತ್ರ ಶೇಖಾವಲಿಯದು. ಮೈಕ್ ಹಚ್ಚಿ ಸುಮ್ಮನೆ ಕೂರುವ ಹೊತ್ತಿನಲ್ಲಿ ಹೆಂಗಸರು ಒಳಗೆ ಬೀಸುತ್ತ, ಹಿಟ್ಟು ನಾದುತ್ತ ಹಾಡುವುದು ಕೇಳುತ್ತಿತ್ತು. ಮೆಲ್ಲಗೆ ಟೇಪ್ ರೆಕಾರ್ಡರ್ ಒಯ್ದು, "ಯಕ್ಕಾ, ಇದನ್ನ ತುಂಬಿಕೊಳ್ಳಲೇನು?" ಎಂದು ಕೇಳುತ್ತಿದ್ದ. ಕೇಳದೆ ಒಂದನ್ನೂ ತುಂಬಿದವನಲ್ಲ. ಹಾಡಿದವರು ಏನು ಹೇಳಿದರೋ ಅದನ್ನು ಕ್ಯಾಸೆಟ್ಟಿನ ಮೇಲೆ ಪೆನ್ನಿನಲ್ಲಿ ಬರೆದಿಡುತ್ತಿದ್ದ. ದ್ಯಾಮಕ್ಕನ ಸೋಬಾನೆ, ಯಾರಾದರೂ ಕೇಳಲಿ. ದುರುಗಮ್ಮ ಹಾಡಿದ, ಅತ್ತೆಯನ್ನು ಬೈಯುವ ಹಾಡು, ಅತ್ತೆ ಇರುವ ತನಕ ಹೊರಗೆ ಬಿಡಬಾರದು. ಆ ಅತ್ತೆ ತೊಂಬತ್ತು ದಾಟಿದರೂ ಗಟ್ಟಿಯಾಗಿದ್ದಳು. ಕ್ಯಾಸೆಟ್ಟೂ ಗಟ್ಟಿಯಾಗಿ ಮುಚ್ಚಿತ್ತು.

ಪಕ್ಕೀರಮ್ಮ ಮಾತ್ರ ಹದಿನಾಲ್ಕು ವರ್ಷ ಒಪ್ಪಲಿಲ್ಲ.

ಪಕ್ಕೀರಮ್ಮ ಅದೇ ಓಣಿಯಲ್ಲಿ ಮಲ್ಲಿಗೆ ಕಟ್ಟುವವಳು. ಫಕೀರನಿಗೆ ಹೊತ್ತ ಹರಕೆಯಿಂದ ಹುಟ್ಟಿದ್ದಕ್ಕೆ ಆ ಹೆಸರು. ಪೀರಲ ಹಬ್ಬದ, ಅಂದರೆ ಮೊಹರಮ್ಮಿನ, ಪದಗಳು ಅವಳ ತಾಯಿಯಿಂದ ಅವಳಿಗೆ ಬಂದವು. ಗುದ್ದಲಿ ಹಾಕಿ ಅಲಾಯಿ ಬೆಂಕಿಯ ಕುಣಿ ತೋಡಿದ ದಿನ ಅವಳ ಬಾಯಿ ತೆರೆಯಬೇಕು, ಪೀರಲ ದೇವರು ಹೊಳೆಗೆ ಹೋದ ದಿನ ಮುಚ್ಚಬೇಕು. ನಡುವಿನ ಹತ್ತು ದಿನ ಬಿಟ್ಟರೆ ಆ ಪದ ವರ್ಷವಿಡೀ ಯಾರ ಕಿವಿಗೂ ಬೀಳಬಾರದು. ಅದು ನೀರಿಲ್ಲದೆ ಮಡಿದ ಮಗನ ದುಃಖದ ಪದ. ಬೇರೆ ದಿನ ಹಾಡಿದರೆ ದುಃಖವನ್ನು ಆಟಕ್ಕೆ ಕರೆದ ಹಾಗೆ ಎಂದು ತಾಯಿ ಹೇಳಿದ್ದಳು. ಹೂ ಕಟ್ಟುವಾಗ ಬೇರೆ ನೂರು ಹಾಡು ಹಾಡುತ್ತಿದ್ದಳು, ಅದನ್ನಲ್ಲ.

ಗಂಟಲಲ್ಲಿ ಗಂಟು ಬಂದು, ಡಾಕ್ಟರು ಕೊಯ್ಯಬೇಕು ಎಂದಾಗ ತಾನೇ ಅಂಗಡಿಗೆ ಬಂದಳು. "ತಮ್ಮಾ, ಧ್ವನಿ ಉಳಿತೈತೋ ಇಲ್ಲೋ. ತುಂಬಿಕ್ಯ. ಆದ್ರ ಹತ್ತು ದಿನ ಬಿಟ್ಟು ಹೊರಗ ಬಂತಂದ್ರ ನಾನು ನಿನ್ನ ಅಂಗಡಿ ಮೆಟ್ಲು ಹತ್ತಂಗಿಲ್ಲ."

ಶೇಖಾವಲಿ ಅವಳ ಕೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟ. ಮೂರು ಕ್ಯಾಸೆಟ್ ಆಯಿತು. ಧ್ವನಿ ಉಳಿಯಿತು, ಆದರೆ ಮೊದಲಿನ ಏರು ಹೋಯಿತು. ಆ ಏರು ಇದ್ದದ್ದು ಇನ್ನು ಕ್ಯಾಸೆಟ್ಟಿನಲ್ಲಿ ಮಾತ್ರ.

ಆಮೇಲೆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿತು. ಅದಕ್ಕೇ ಆ ಹಳೆಯ ಕಂಪ್ಯೂಟರು. ಒಳಗೆ ಫೋಲ್ಡರುಗಳನ್ನು ಮಾಡುವಾಗ ಅವನು ಕ್ಯಾಸೆಟ್ಟಿನ ಮೇಲಿನ ಬರಹವನ್ನೇ ಹಿಡಿದು ಮಾಡಿದ: ಎಲ್ಲರಿಗೂ, ಹೆಂಗಸರಿಗೆ, ಪೀರಲ ಹಬ್ಬಕ್ಕೆ, ಅತ್ತೆ ಇರುವ ತನಕ ಇಲ್ಲ. ಗುದ್ದಲಿ ಬಿದ್ದ ದಿನ ಸ್ನಾನ ಮಾಡಿ ಬಂದು ಪೀರಲ ಫೋಲ್ಡರಿನ ಮುಂದಿನ ಗುರುತು ಒತ್ತಿದರೆ ಓಣಿಯ ಫೋನುಗಳಲ್ಲಿ ಅದು ಕಾಣಿಸಿಕೊಳ್ಳಬೇಕು. ದೇವರು ಹೊಳೆಗೆ ಹೋದ ದಿನ ಗುರುತು ತೆಗೆದರೆ ಮಾಯವಾಗಬೇಕು.

ಇನ್ನು ಪಾಸ್‌ವರ್ಡು. ಕಂಪ್ಯೂಟರು ಚಾಲೂ ಮಾಡಲೂ ಮುಚ್ಚಿದ ಫೋಲ್ಡರು ತೆರೆಯಲೂ ಅದು ಬೇಕು. ಅದನ್ನು ಇಡುವಾಗ ಶೇಖಾವಲಿಗೆ ಹಳೆಯ ಕಟ್ಟಿಗೆ ಪೆಟ್ಟಿಗೆ ನೆನಪಾಯಿತು. ಸಿದ್ದಲಿಂಗ ಆಗಲೇ ಸಿದ್ದು ಸೌಂಡ್ಸ್ ಎಂದು ದೊಡ್ಡ ಅಂಗಡಿ ಬೇರೆ ಇಟ್ಟಿದ್ದ. ಆದರೂ ಅವನನ್ನು ಕರೆಸಿ, "ಅರ್ಧ ನಾನು ಒತ್ತತೀನಿ, ನೀ ಆಕಡಿ ನೋಡು. ಉಳಿದರ್ಧ ನೀ ಒತ್ತು, ನಾ ಆಕಡಿ ನೋಡ್ತೀನಿ" ಅಂದ.

"ಲೇ ಶೇಕ, ಮುದುಕ ಆದ್ರೂ ಹುಡುಗಾಟಿಕಿ ಬಿಡ್ಲಿಲ್ಲ ನೋಡು ನೀನು," ಎಂದು ಸಿದ್ದಲಿಂಗ ನಗುತ್ತಲೇ ಗೋಡೆ ಕಡೆ ತಿರುಗಿದ. ಆ ವರ್ಷ ಗುದ್ದಲಿ ದಿನವೂ ಹೊಳೆಯ ದಿನವೂ ಇಬ್ಬರೂ ಕೂಡಿಯೇ ಬಂದು ಒತ್ತಿದರು.

ಈ ವರ್ಷ ಸಂಕ್ರಾಂತಿ ಕಳೆದ ವಾರ ಶೇಖಾವಲಿಗೆ ಕಣ್ಣಿನ ಪೊರೆ ತೆಗೆಸಲು ಬಳ್ಳಾರಿಗೆ ಹೋಗಬೇಕಾಯಿತು. ಅಂಗಡಿಯ ಕೀಲಿಕೈ ಸಿದ್ದಲಿಂಗನ ಕೈಯಲ್ಲಿ. ಆಪರೇಷನ್ ಆದ ಮಧ್ಯಾಹ್ನ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ಫೋನು ಬಂತು.

"ಲೇ, ಕರೆಂಟ್ ಹೋಗಿ ಬಂತು. ನಿನ್ನ ಪೆಟ್ಟಿಗಿ ಆರಿ ಕುಂತೈತಿ. ಹೂವಿನ ಹೆಣ್ಮಕ್ಳು ಹಾಡಿಲ್ಲಂತ ನನ್ನ ತಲಿ ತಿನ್ನಾಕತ್ಯಾರ. ನಿನ್ನರ್ಧ ಹೇಳು, ಚಾಲೂ ಮಾಡಿ ಹೋಗ್ತೀನಿ."

ಶೇಖಾವಲಿ ಹಿಂದುಮುಂದು ನೋಡಲಿಲ್ಲ. ಹೇಳಿಬಿಟ್ಟ. ಪಕ್ಕದಲ್ಲಿ ಮೋಸಂಬಿ ಸುಲಿಯುತ್ತಿದ್ದ ಹೆಂಡತಿ ಜೋಹರಾಬಿಯ ಕೈ ನಿಂತಿತು. ಅವನು ಹೇಳಿದ್ದು ತವರುಮನೆಯಲ್ಲಿ ಅವಳನ್ನು ಕರೆಯುತ್ತಿದ್ದ ಹೆಸರು. ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ಕರೆದು ಬಿಟ್ಟಿದ್ದ ಹೆಸರು.

"ಏನ್ ಜೀ, ಮೂವತ್ತು ವರ್ಷ ಆತು, ನನ್ನ ಕರೀಲಿಕ್ಕೆ ಬರದ ಹೆಸರು ಡಬ್ಬಿಗೆ ಇಟ್ಟೀರೇನು?"

"ನೀ ಬೈತಿ ಅಂತ ಡಬ್ಬಿ ಮುಂದ ಕರ್ಕೊಂತ ಕುಂತಿದ್ದೆ," ಅಂದ. ಇಬ್ಬರೂ ನಕ್ಕರು. ನಕ್ಕರೆ ಪಟ್ಟಿ ಜರುಗುತ್ತದೆ ಎಂದು ನರ್ಸಮ್ಮ ಗದರಿದಳು.

ಅದಾದ ಮೇಲೆ ಪಕ್ಕೀರಮ್ಮನಲ್ಲಿ ಒಂದು ಬದಲಾವಣೆ ಬಂತು. ಬೇಸಿಗೆ ಕಾಲಿಟ್ಟ ಮೇಲೆ ಅವಳು ಹೂ ಕಟ್ಟುವಾಗ ಹಾಡುವುದನ್ನು ನಿಲ್ಲಿಸಿದಳು. ದಿನವೂ ಬೆಳಿಗ್ಗೆ ಜೋಹರಾಬಿಗೆ ಒಂದು ಮೊಳ ಹೂ ಕಳಿಸುವುದು ಮಾತ್ರ ತಪ್ಪಲಿಲ್ಲ. ಮೊದಲಾದರೆ ತಾನೇ ತಂದು ಕೊಟ್ಟು, ಮೆಟ್ಟಿಲ ಮೇಲೆ ಎರಡು ಮಾತಾಡಿ ಹೋಗುತ್ತಿದ್ದಳು. ಈಗ ಯಾರ ಕೈಯಲ್ಲೋ ಕಳಿಸುತ್ತಿದ್ದಳು. ಗಂಟಲು ನೋಯುತ್ತಿರಬೇಕು ಎಂದುಕೊಂಡ ಶೇಖಾವಲಿ. ಕೇಳಲು ಹೋಗಲಿಲ್ಲ.

ಮದುವೆಗಳ ತಿಂಗಳಲ್ಲಿ ಒಂದು ದಿನ ಹರಪನಹಳ್ಳಿಗೆ ಸಾಮಾನು ತರಲು ಬಸ್ ಹತ್ತಿದ. ಮುಂದಿನ ಸೀಟಿನಲ್ಲಿ ಮದುವೆ ಮಂದಿ, ಜರಿ ಸೀರೆ, ಕುಂಕುಮದ ವಾಸನೆ. ಒಬ್ಬ ಫೋನು ಹಚ್ಚಿದ. ಮೊದಲು ಢಂ ಢಂ ಎಂದು ಬಡಿತ. ಬಡಿತದ ನಡುವೆ ಒಂದು ಧ್ವನಿ ಎದ್ದಿತು:

"ಬಿಳಿ ಕುದುರಿ ಬರತೈತಿ ಹೊಳಿಯ ದಂಡಿಗುಂಟ
ಬೆನ್ನ ಮ್ಯಾಲಿಲ್ಲ ನನ ಕಂದ
ನೀರು ಕೇಳಿದ ಮಗ ಯಾವ ಬಿಸಿಲಾಗ
ನೆರಳ ಹಾಸ್ಕೊಂಡು ಮಲಗ್ಯಾನ"

ಕೊಯ್ಯುವುದಕ್ಕೆ ಮೊದಲಿನ ಧ್ವನಿ. ಆ ಏರು. 'ಕಂದ' ಎನ್ನುವಲ್ಲಿ ಪಕ್ಕೀರಮ್ಮ ಉಸಿರು ತೆಗೆದುಕೊಂಡದ್ದು, ಅಂಗಡಿಯ ಹೊರಗೆ ಒಂದು ಬಸ್ಸು ಹಾರ್ನ್ ಹೊಡೆದದ್ದು, ಅದೂ ಇತ್ತು. ಆ ಹಾರ್ನ್ ತೆಗೆಯಲು ಬಾರದೆ ಅವನು ಎರಡು ದಿನ ಒದ್ದಾಡಿ ಬಿಟ್ಟಿದ್ದ. ಮದುವೆಯ ಹುಡುಗಿಯರು ಬಡಿತಕ್ಕೆ ಭುಜ ಕುಣಿಸುತ್ತಿದ್ದರು.

"ತಮ್ಮಾ, ಅದು ಎಲ್ಲಿ ಸಿಕ್ತಪ್ಪ ನಿನಗ?"

"ಎಲ್ಲರ ಫೋನ್‌ನ್ಯಾಗೂ ಐತಲ್ಲ ಅಜ್ಜ. ಸಿದ್ದು ಸೌಂಡ್ಸ್ ಅಂತ, ನಿಮ್ಮ ಹಡಗಲಿದ."

ಶೇಖಾವಲಿ ನಡುದಾರಿಯಲ್ಲೇ ಇಳಿದ. ತಿರುಗಿ ಹೋಗುವ ಬಸ್ಸು ಬರುವ ತನಕ ಬೇವಿನ ಗಿಡದ ಕೆಳಗೆ ನಿಂತ. ಬೇರೆ ಏನೂ ಆಗಿರಬಹುದು, ಯಾರಾದರೂ ಓಣಿಯಲ್ಲಿ ಫೋನಿಗೆ ಫೋನು ಹಿಡಿದು ತುಂಬಿಕೊಂಡಿರಬಹುದು, ಸಿದ್ದಲಿಂಗನಿಗೆ ಅದು ಎಲ್ಲಿಂದಲೋ ಬಂದಿರಬಹುದು ಎಂದು ಗೆಳೆಯನ ಪರವಾಗಿ ತಾನೇ ವಾದ ಮಾಡುತ್ತ ನಿಂತ.

ಅಂಗಡಿಗೆ ಬಂದು ಕಂಪ್ಯೂಟರಿನ ಮುಂದೆ ಕೂತ. ಆ ಪ್ರೋಗ್ರಾಮಿನಲ್ಲಿ ಪಾಸ್‌ವರ್ಡ್ ಕೇಳದ ಒಂದು ಪುಟ ಇದೆ. ಯಾವ ದಿನ, ಯಾವ ಹೊತ್ತಿಗೆ, ಯಾವ ಹಾಡು ಹೊರಗೆ ಹೋಯಿತು ಎಂದು ಯಂತ್ರ ತಾನೇ ಬರೆದುಕೊಳ್ಳುತ್ತ ಹೋಗುತ್ತದೆ. ಯಾರು ಏನು ಕೇಳಿದರೆ ನನಗೇನು ಎಂದು ಶೇಖಾವಲಿ ಅದನ್ನು ಎಂದೂ ತೆರೆದಿರಲಿಲ್ಲ. ಸಂಕ್ರಾಂತಿಯ ವಾರಕ್ಕೆ ಹೋದ. ಆಪರೇಷನ್ ದಿನ, ಮಧ್ಯಾಹ್ನ ಮೂರೂ ಹತ್ತಕ್ಕೆ ಪಾಸ್‌ವರ್ಡ್ ಒತ್ತಿದ್ದು. ಐದು ಗಂಟೆಯೊಳಗೆ ಇನ್ನೂರ ಹದಿನಾಲ್ಕು ಹಾಡು ಇಳಿಸಿಕೊಂಡದ್ದು. ಅದರಲ್ಲಿ ಪಕ್ಕೀರಮ್ಮನ ಮೂರೂ ಕ್ಯಾಸೆಟ್, ದುರುಗಮ್ಮನ ಅತ್ತೆಯ ಹಾಡೂ.

ಇಷ್ಟೇ ಆಗಿದ್ದರೆ ಅವನು ಇನ್ನೂ ಏನಾದರೂ ನೆವ ಹುಡುಕುತ್ತಿದ್ದನೇನೋ. ಕಂಪ್ಯೂಟರು ಯಾವಾಗ ಆರಿತು, ಯಾವಾಗ ಹತ್ತಿತು ಎನ್ನುವುದೂ ಅಲ್ಲಿತ್ತು. ಎರಡು ಸಲ ನೋಡಿದ. ಹೊಸ ಕಣ್ಣು, ತಪ್ಪಾಗಿ ಕಾಣುವಂತಿರಲಿಲ್ಲ. ಆವತ್ತು ಅದು ಆರಿಯೇ ಇರಲಿಲ್ಲ. ಆವತ್ತಷ್ಟೇ ಅಲ್ಲ, ಹಿಂದಿನ ನಲವತ್ತೊಂದು ದಿನವೂ ಆರಿರಲಿಲ್ಲ. ಕರೆಂಟು ಹೋಗಿರಲಿಲ್ಲ.

ಕಣ್ಣಿಗೆ ಪಟ್ಟಿ ಕಟ್ಟುವ ದಿನವನ್ನು ಗೆಳೆಯ ಕಾಯ್ದುಕೊಂಡಿದ್ದ.

ಸಿದ್ದಲಿಂಗ ತನ್ನ ಅಂಗಡಿಯಲ್ಲಿ ದೊಡ್ಡ ಸ್ಪೀಕರಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ. "ಬಾರಲೇ ಶೇಕ, ಚಾ ಹೇಳ್ಲಿ?"

"ಆವತ್ತು ಕರೆಂಟ್ ಹೋಗಿರಲಿಲ್ಲ," ಅಂದ ಶೇಖಾವಲಿ.

ಸಿದ್ದಲಿಂಗನಿಗೆ ಯಾವತ್ತು ಎಂದು ಕೇಳಬೇಕಾಗಲಿಲ್ಲ. ಸುಣ್ಣ ಹಚ್ಚುತ್ತಿದ್ದ ಬೆರಳು ಸ್ವಲ್ಪ ನಿಂತು ಮತ್ತೆ ಹಚ್ಚಿತು. "ಕೇಳಿದ್ರ ಕೊಡ್ತಿದ್ದೇನು ನೀನು?"

"ಇಲ್ಲ."

"ಮತ್ತ? ಅದಕ್ಕ ಕೇಳ್ಲಿಲ್ಲ. ಪೆಟ್ಟಿಗ್ಯಾಗ ಇಟ್ಟು ಉದಿನಕಡ್ಡಿ ಬೆಳಗ್ತಿ ಏನು? ಎಂಬತ್ತು ಸಾವಿರ ಮಂದಿ ಕೇಳ್ಯಾರ ಆ ಪದ. ನಿನ್ನ ಓಣ್ಯಾಗ ಎಷ್ಟು ಮಂದಿ? ಇಪ್ಪತ್ತು. ಅದರಾಗ ಹತ್ತು ಕಿವುಡ್ರು."

"ಆಕಿ ಹೆಸರು ಎಲ್ಲಿ ಹಾಕಿ?"

"ಹೆಸರು ಹಾಕಿದ್ರ ಆಕಿಗೆ ಗೊತ್ತಾಗಿ ತೆಗಿ ಅಂತಿದ್ಲು."

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಸಿದ್ದಲಿಂಗನಿಗೆ ಗೊತ್ತಾಗಿರಬೇಕು, ಎದ್ದು ಹೊರಗೆ ಉಗುಳಿ ಬಂದ. "ನೋಡಲೇ, ನಾನೇನು ಗೋಡಿ ಒಡದು ಬಂದಿಲ್ಲ. ನೀನ ಹೇಳಿದಿ, ನಾ ಒತ್ತಿದೆ. ಕಳವು ಅಂತಾರೇನು ಅದಕ್ಕ?"

ಮಾತು ಬೇಕಾದಲ್ಲೆಲ್ಲ ಶೇಖಾವಲಿ ಇಷ್ಟು ವರ್ಷ ಸಿದ್ದಲಿಂಗನನ್ನೇ ಮುಂದೆ ಬಿಟ್ಟಿದ್ದ. "ತೆಗಿ ಅದನ್ನ," ಅಂದ ಈಗ.

"ತೆಗೀತೀನಪ್ಪ, ತೆಗೀತೀನಿ. ಆದ್ರ ತಗಂಡೋರು ತಗಂಡಾರ. ಅವರ ಫೋನ್‌ನಿಂದ ಹೆಂಗ ತೆಗೀತಿ?"

ಮನೆಗೆ ಬಂದು ಜೋಹರಾಬಿಗೆ ಹೇಳಿದ. ಅವಳು ರೊಟ್ಟಿ ತಟ್ಟುತ್ತ ಎಲ್ಲ ಕೇಳಿದಳು. "ನನ್ನ ಹೆಸರು ಹಿಡಕಂಡು ಒಳಗ ಹೊಕ್ಕಾನ," ಅಂದಳು. ಆಮೇಲೆ, "ಪಕ್ಕೀರಕ್ಕಗ ಬ್ಯಾರೆಯವರು ಹೇಳೋದಕಿಂತ ಮೊದಲು ನೀವ ಹೋಗಿ ಹೇಳ್ರಿ."

ಮರುದಿನ ನಸುಕಿಗೇ ಹೋದ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮೂರು ಕ್ಯಾಸೆಟ್. ಪಕ್ಕೀರಮ್ಮ ಅಂಗಳದಲ್ಲಿ ಒದ್ದೆ ಬಟ್ಟೆಯ ಮೇಲೆ ಮೊಗ್ಗು ಸುರುವಿಕೊಂಡು ಕೂತಿದ್ದಳು. ಬಂದವನನ್ನು ನೋಡಿದಳು, ಕೂರು ಅನ್ನಲಿಲ್ಲ. ಅವನು ನಿಂತೇ ಹೇಳಿದ. ಬಸ್ಸು, ಬಡಿತ, ಆಸ್ಪತ್ರೆ, ಫೋನು, ಆರದ ಕಂಪ್ಯೂಟರು. ಹೇಳುವಾಗ ಅವಳ ಬೆರಳು ನಿಲ್ಲಲಿಲ್ಲ. ಎರಡು ಮೊಗ್ಗು ಈಕಡೆ, ಎರಡು ಆಕಡೆ, ಒಂದು ಗಂಟು.

"ನನಗ ಹೋಳಿ ಹುಣ್ಣಿಮಿಗೇ ಗೊತ್ತಾತು," ಅಂದಳು.

"ಹೋಳಿಗೆ? ಮೂರು ತಿಂಗಳಾತಲ್ಲ ಅಕ್ಕಾ!"

"ನನ್ನ ಮೊಮ್ಮಗಳ ಫೋನ್‌ನ್ಯಾಗ ಬಂತು. ಬಣ್ಣ ಆಡೋರು ಕುಣಿಯಾಕತ್ತಿದ್ರು ಅದಕ್ಕ."

"ಬಂದು ಕೇಳಬಾರದೇನು ನನ್ನ?"

"ಏನಂತ ಕೇಳ್ಲೆಪ್ಪ? ಕೇಳಿ, ನೀ ಹೌದು ಅಂದ್ರ?" ಬಾಯಿಯಲ್ಲಿ ನಾರು ಕಚ್ಚಿ ಎಳೆದಳು. "ನೀನ ಬಿಟ್ಟಿ ಅಂತ ತಿಳಕಂಡಿದ್ದೆ. ಮೂರು ತಿಂಗಳು ಹಂಗ ತಿಳಕಂಡು ನಿನ್ನ ಹೆಂಡ್ತಿಗೆ ಹೂ ಕಳಿಸೀನಿ."

ಗೆಳೆಯ ತನಗೆ ಮಾಡಿದ್ದನ್ನು ಶೇಖಾವಲಿ ಒಂದು ದಿನ ಹೊತ್ತಿದ್ದ. ಅವನೇ ಮಾಡಿದ್ದು ಎಂದುಕೊಂಡು ಇವಳು ಮೂರು ತಿಂಗಳು ಹೊತ್ತಿದ್ದಳು, ಓಣಿಯಲ್ಲಿ ಒಬ್ಬರಿಗೂ ಹೇಳದೆ. ಮೆಟ್ಟಿಲ ಮೇಲೆ ಕೂತುಬಿಟ್ಟ.

"ನಾ ಬಿಡಲಿಲ್ಲ ಅಕ್ಕಾ."

"ಈಗ ಹೇಳಿದೆಲ್ಲ, ನಂಬಿದೆ. ಆದ್ರ ನಿನಗ ಕೊಟ್ಟಿದ್ದು ನಾನು, ಆ ಸಿದ್ದಲಿಂಗಗ ಅಲ್ಲ. ನೀ ಯಾಕ ನಿನ್ನರ್ಧ ಕೊಟ್ಟಿ?"

ಅವನು ಚೀಲ ಮುಂದಿಟ್ಟ. "ಕಂಪ್ಯೂಟರ್‌ನ್ಯಾಗಿನದು ರಾತ್ರಿನ ಡಿಸ್ಕ್ ಬಿಚ್ಚಿ ಅಳಿಸೀನಿ. ಇವು ಮೂರು ಉಳಿದಾವ. ನಿನ್ನವು. ನೀ ಏನರ ಮಾಡು."

ಪಕ್ಕೀರಮ್ಮ ಚೀಲವನ್ನು ಬಿಚ್ಚಿ ನೋಡಲಿಲ್ಲ. ಎದ್ದು ಒಳಗೆ ಒಯ್ದಳು. ಟ್ರಂಕು ತೆರೆದ ಸದ್ದು, ಮುಚ್ಚಿದ ಸದ್ದು ಕೇಳಿತು. ತಿರುಗಿ ಬಂದು ಕೂತಳು.

"ಗುದ್ದಲಿ ಹಾಕಾಕ ಇನ್ನೆಷ್ಟು ದಿನ ಐತಿ?"

"ಇಪ್ಪತ್ತೆರಡು."

"ಹೂಂ."

"ಹಾಡ್ತಿಯಲ್ಲಕ್ಕ?"

ಅವಳು ತಲೆ ಎತ್ತದೆ ಬಾಳೆನಾರು ನೆನೆ ಹಾಕಿದ್ದ ಬೋಗುಣಿಯನ್ನು ಕಾಲಿನಿಂದ ಅವನ ಕಡೆ ತಳ್ಳಿದಳು. "ಬಿಸಿಲು ಏರಿದ್ರ ಮೊಗ್ಗು ಬಾಯಿ ಬಿಡ್ತಾವ. ಏಳೂವರಿ ಬಸ್ಸಿಗೆ ಹಾಕಬೇಕು. ಸುಮ್ಮನ ಕುಂದ್ರಬ್ಯಾಡ, ಸಣ್ಣಗ ಸೀಳು."

ಶೇಖಾವಲಿ ಬೋಗುಣಿಯಲ್ಲಿ ಕೈಯದ್ದಿ ಒಂದು ನಾರು ತೆಗೆದ. ತುದಿಯನ್ನು ಉಗುರಿನಿಂದ ಬಿಡಿಸಿ ಎರಡಾಗಿ ಎಳೆದ. ದಪ್ಪವಾಯಿತು ಎಂದು ಅವಳು ಹಿಂದಕ್ಕೆ ಕೊಟ್ಟಳು. ಅವನು ಅದನ್ನು ಮತ್ತೆ ಎರಡಾಗಿ ಸೀಳಿ, ನೀರು ಜಾಡಿಸಿ, ಅವಳ ಮೊಣಕಾಲಿನ ಮೇಲೆ ಇಟ್ಟ. ಇನ್ನೊಂದನ್ನು ತೆಗೆದ.